ಬ್ರೇಕ್ ಡಿಸ್ಕ್ ಕೊಳ್ಳಲು ಹೋದದ್ದು

ನನ್ನ ಯಜಮಾನರ ಕಣ್ಣು ಸಕ್ಕರೆ ಕಾಯಿಲೆಯಿಂದ ಮಂಜಾಗುವವರೆಗೆ ಕಾರಿನ ಚಿಂತೆ ನನ್ನದಾಗಿರಲಿಲ್ಲ. ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಲಿಂಗಂಪಲ್ಲಿಯ ನಮ್ಮ ಮನೆಯ ಮುಂದೆ ಸಾಫ್ಟ್‌ವೇರ್ ಕಂಪನಿಗಳ ಕ್ಯಾಬುಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ಅವುಗಳ ನಡುವೆ ನಾನು, ವಯಸ್ಸಾದ ಮೇಲೆ ಡ್ರೈವಿಂಗ್ ಕಲಿತವಳು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಹೋಗಿಬರುತ್ತಿದ್ದೆ.

ಒಮ್ಮೆ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತು. ಸ್ಟೇರಿಂಗ್ ಕೈಯಲ್ಲಿ ನಡುಗಿತು.

“ಪ್ಯಾಡ್ ಪೂರಾ ಸವದಾವು. ಡಿಸ್ಕಿಗೆ ಉಜ್ಜಾಕತ್ತೈತಿ,” ಎಂದರು ಅವರು.

ಗ್ಯಾರೇಜಿನವನು ಮುಂದಿನ ಚಕ್ರ ಬಿಚ್ಚಿ ತೋರಿಸಿದ. ಒಳಗಿನ ಡಿಸ್ಕ್, ಅಂದರೆ ಕಬ್ಬಿಣದ ತಟ್ಟೆ, ಅದರ ತುಂಬ ಆಳವಾದ ಗೀರುಗಳು. ಪ್ಯಾಡಿನ ಜೊತೆ ಎರಡೂ ಡಿಸ್ಕ್ ಬದಲಿಸಬೇಕು, ಆದರೆ ಈ ಮಾಡೆಲ್ ಈಗ ಬರುತ್ತಿಲ್ಲ, ಸಾಮಾನು ನೀವೇ ಹುಡುಕಿ ತನ್ನಿ ಎಂದು ಹಳೆಯ ಪ್ಯಾಡನ್ನು ಕೈಗಿಟ್ಟ.

“ನಾನೂ ಬರ್ತೀನಿ. ನಿನಗ ಏನರ ಡೂಪ್ಲಿಕೇಟ್ ಹಚ್ಚಿ ಕಳಸ್ತಾರ,” ಎಂದು ಇವರು ಹೊರಟು ನಿಂತರು. ರೈಲಿನಲ್ಲಿ ಹೋಗಿ, ಆಟೊ ಹಿಡಿದು, ಸುಲ್ತಾನ್ ಬಜಾರಿನ ಆಚೆ ಬಿಡಿಭಾಗಗಳ ಅಂಗಡಿಗಳಿದ್ದ ಓಣಿಯಲ್ಲಿ ಇಳಿದೆವು. ಅವರು ನನ್ನ ಭುಜ ಹಿಡಿದು ಹಿಂದೆ ಹಿಂದೆ ಬಂದರು. ಅಷ್ಟು ಗದ್ದಲದಲ್ಲೂ ಆ ಹಿಡಿತ ಬಿಗಿಯಾಗುತ್ತಿದ್ದುದು ತಿಳಿಯುತ್ತಿತ್ತು.

ಅಂಗಡಿಯವನು ಹಳೆಯ ಪ್ಯಾಡ್ ನೋಡಿ ಕೌಂಟರಿನ ಮೇಲೆ ಬೇರೆ ಬೇರೆ ಡಿಸ್ಕುಗಳನ್ನೂ ಅವುಗಳ ಜೊತೆಯ ಹೊಸ ಪ್ಯಾಡುಗಳನ್ನೂ ಇಟ್ಟ. ಒಂದನ್ನು ಕಾರು ಕಂಪನಿಯದೇ ಎಂದ. ಇನ್ನೊಂದು ಬೇರೆಯವರದು, ಅದಕ್ಕಿಂತ ಗಟ್ಟಿ ಎಂದ. ಡಬ್ಬಿಯೇ ಇಲ್ಲದ ಮತ್ತೊಂದನ್ನೂ ಎಲ್ಲರೂ ಒಯ್ಯುತ್ತಾರೆ ಎಂದ. “ಕೌನ್ಸಾ ದೂಂ?” ಯಾವುದು ಕೊಡಲಿ ಎಂದು ಕೇಳಿದ.

ಇವರು ಒಂದನ್ನೆತ್ತಿ ಅಂಚಿನ ಸುತ್ತ ಬೆರಳಾಡಿಸಿದರು. “ಇದರ ಮ್ಯಾಲ ಏನ್ ಬರದೈತಿ, ಓದು.”

“ನಂಬರ್ ಅದಾವರಿ. ಅರ್ಧ ಅಳಿಸ್ಯಾವು.”

“ಪ್ಯಾಡಿನ ಮ್ಯಾಲ ಮೆತ್ತಿದ ಮಸಾಲಿ ಹ್ಯಾಂಗ ಕಾಣತೈತಿ? ಕಬ್ಬಿಣದ ಚೂರು ಮಿಂಚತಾವೇನು? ಮಿಂಚಿದರ ಡಿಸ್ಕ್ ಲಗೂನ ತಿಂತೈತಿ.”

ಹೊಸ ಪ್ಯಾಡೊಂದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಮಿಂಚಿದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. “ತಿಳೀವಲ್ದರಿ,” ಎಂದೆ.

“ಕಣ್ಣಿದ್ದೂ ತಿಳೀವಲ್ದು?” ಎಂದು ರೇಗಿದರು.

ಹಿಂದೆ ನಿಂತಿದ್ದ ಗಿರಾಕಿಗಳು ಗೊಣಗಲು ಶುರುಮಾಡಿದರು. ಇವರು ಇನ್ನೂ ಡಿಸ್ಕನ್ನು ಎದೆಗೆ ಹತ್ತಿರ ಹಿಡಿದು ತಡವುತ್ತಲೇ ಇದ್ದರು. ಆಗ ಅಂಗಡಿಯವನು, ಒರಟಾಗಿಯೇನಲ್ಲ, ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ನನ್ನ ಕೈಗೆ ಕೊಟ್ಟ. ಆಮೇಲೆ ಮಾತೆಲ್ಲ ನನ್ನೊಂದಿಗೇ ಆಡಿದ. ಎಣ್ಣೆಯ ಜಿಡ್ಡು ಹತ್ತಿದ ಬೆರಳುಗಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಇವರು ಹಾಗೇ ನಿಂತುಬಿಟ್ಟರು.

“ನೀನ ಹೇಳು,” ಎಂದರು ಕಡೆಗೆ.

ಕಂಪನಿಯದೆಂದು ಹೇಳಿದ್ದನ್ನೇ ಕೊಡು ಎಂದೆ. ಅದರ ಡಬ್ಬಿ ಅಚ್ಚುಕಟ್ಟಾಗಿತ್ತು ಎಂಬುದೊಂದೇ ನನಗೆ ಹೊಳೆದ ಕಾರಣ. ಡಬ್ಬಿಯೇ ನಕಲಿಯಾಗಿದ್ದರೆ? ಕೇಳಿದರೆ ಅವನು ತಾನೇ ಏನು ಹೇಳುತ್ತಿದ್ದ! ರೈಲಿನಲ್ಲಿ ಆ ಭಾರದ ಚೀಲವನ್ನು ಇವರು ತೊಡೆಯ ಮೇಲಿಂದ ಇಳಿಸಲಿಲ್ಲ.

ಗ್ಯಾರೇಜಿನವನು ಎಲ್ಲ ಜೋಡಿಸಿಕೊಟ್ಟ. ಹಳೆಯ ಸದ್ದು ಹೋಯಿತು, ಸಣ್ಣಗೆ ಕೀರಲು ದನಿಯೊಂದು ಶುರುವಾಯಿತು. ಹೊಸದರಲ್ಲಿ ಹಾಗೇ, ಓಡಿಸುತ್ತ ಹೋದಂತೆ ಕೂಡಿಕೊಳ್ಳುತ್ತದೆ ಎಂದ. ನಂಬದೆ ಬೇರೆ ದಾರಿಯಿರಲಿಲ್ಲ. ಕೆಲವು ವಾರ ನಾನು ಮುಂದಿನ ವಾಹನದಿಂದ ದೂರದೂರವೇ ಉಳಿದು ಓಡಿಸಿದೆ. ದನಿ ತಾನಾಗಿಯೇ ಅಡಗಿತು. ಆದರೂ ಪ್ರತಿ ಸಿಗ್ನಲ್ಲಿನಲ್ಲಿ ಪಕ್ಕದ ಸೀಟಿನಲ್ಲಿ ಇವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ ದಿನ ಇಬ್ಬರೂ ಮನೆಗೆ ಹೊರಟಿದ್ದೆವು. ಪಕ್ಕದಿಂದ ಬಸ್ಸೊಂದು ತಟ್ಟನೆ ಅಡ್ಡ ಬಂತು. ಮೈಯೆಲ್ಲ ಬಲ ಹಾಕಿ ಬ್ರೇಕ್ ಒತ್ತಿದೆ. ಕಾರು ನಡುಗದೆ, ಸದ್ದಿಲ್ಲದೆ ನಿಂತಿತು.

ಇವರು ಕೇಳಿದರು. “ಮುಂದ ಏನೈತಿ?”

“ಬಸ್ಸರಿ.”

“ಅದರ ಮುಂದ?”

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ.