ವಂದನಾರ್ಪಣೆಯ ವೇಳೆ ಎತ್ತಿದ ಕೈ

ಮೊನ್ನೆ ಅಂಚೆಯಲ್ಲಿ ಒಂದು ಆಮಂತ್ರಣ ಪತ್ರಿಕೆ ಬಂತು. ಉಪನ್ಯಾಸದ ವಿಷಯಕ್ಕೆ ಒಂದು ಸಾಲು, ನೆರವಿತ್ತ ಮಹನೀಯರಿಗೆ ಹದಿನಾಲ್ಕು. ನೀವು ನಗಬಹುದು, ನಾನು ನಗುವಂತಿಲ್ಲ. ಅಂಥ ಹದಿನಾಲ್ಕು ಸಾಲುಗಳನ್ನು ಒಂದು ಕಾಲಕ್ಕೆ ಪ್ರತಿ ಭಾನುವಾರ ಭಕ್ತಿಯಿಂದ ಒಪ್ಪಿಸುತ್ತಿದ್ದವನು ನಾನೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಲಾಡಿನ ಶಾಲೆಯೊಂದರ ಕೋಣೆಯಲ್ಲಿ ನಮ್ಮ ಕನ್ನಡ ಬಳಗ ಭಾನುವಾರ ಮಧ್ಯಾಹ್ನ ಉಪನ್ಯಾಸ ನಡೆಸುತ್ತಿತ್ತು. ಒಂದು ವಾರ ಕಾವ್ಯ, ಒಂದು ವಾರ ಇತಿಹಾಸ, ಯಾರೂ ಸಿಗದ ವಾರ ತತ್ತ್ವಶಾಸ್ತ್ರ. ನಾನು ಕಾರ್ಯದರ್ಶಿ. ಪಂಡಿತರ ಸಂಭಾವನೆಯನ್ನು ಫೋರ್ಟ್ ಬಡಾವಣೆಯ ಒಂದು ಟ್ರಸ್ಟು ಕೊಡುತ್ತಿತ್ತು, ಸ್ಥಳೀಯರೂ ಏನಾದರೂ ಕೊಡಬೇಕೆಂಬ ಷರತ್ತಿನ ಮೇಲೆ. ಉಡುಪಿ ಕಡೆಯ ಹೋಟೆಲಿನ ಭಟ್ಟರು ಕಾಫಿ ಕೊಡುತ್ತಿದ್ದರು, ಇನ್ನೊಬ್ಬರು ಕುರ್ಚಿ. ಅವರಿಗೆ ನಾವು ಕೊಡಬಹುದಾಗಿದ್ದ ಸಂಬಳವೆಂದರೆ ವಂದನಾರ್ಪಣೆ ಒಂದೇ. ಹಾಗಾಗಿ ಅದರಲ್ಲಿ ನಾನು ಜಿಪುಣತನ ಮಾಡಲಿಲ್ಲ. ಕುರ್ಚಿಯ ನಾಲ್ಕು ಕಾಲುಗಳನ್ನೂ ಬೇರೆಬೇರೆಯಾಗಿ ಹೊಗಳಿದವನು ನಾನು. ಮುಗಿಯುವಷ್ಟರಲ್ಲಿ ಶಾಲೆಯ ಜವಾನ ಬೀಗ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ.

ಕೊನೆಯ ಸಾಲಿನಲ್ಲಿ ಬಸಪ್ಪ ಕೂರುತ್ತಿದ್ದ. ಬಾಗಲಕೋಟೆ ಕಡೆಯ ಗೌಂಡಿ. ಗೋರೆಗಾಂವಿನ ಹೊಸ ಬಿಲ್ಡಿಂಗುಗಳ ಗೋಡೆಗೆ ಗಾರೆ ಮೆತ್ತಿ ನುಣುಪಾಗಿ ಗಿಲಾವು ಮಾಡುವವ. ಒಂದು ವಾರವೂ ತಪ್ಪಿಸಿದವನಲ್ಲ. ನನ್ನ ವಂದನಾರ್ಪಣೆ ಶುರುವಾದೊಡನೆ ಕೈ ಎತ್ತುತ್ತಿದ್ದ. ಕಾಫಿ ಬೇಕೇನೋ ಎಂದು ನಾನು ಸನ್ನೆಯಲ್ಲೇ ತಾಳು ಎನ್ನುತ್ತಿದ್ದೆ. ತಾಳುತ್ತಿದ್ದ.

ವರ್ಷದ ಕೊನೆಗೆ ಟ್ರಸ್ಟಿನ ಹಿರಿಯರೊಬ್ಬರು ನೋಡಲು ಬಂದರು. ನೆರವು ಮುಂದುವರಿಸಬೇಕೋ ನಿಲ್ಲಿಸಬೇಕೋ ಅವರು ಹೇಳಿದಂತೆ. ಕನ್ನಡ ಬಾರದು. ಇದರಿಂದ ಲಾಭವಾದ ಒಬ್ಬನನ್ನಾದರೂ ತೋರಿಸಿ ಎಂದರು. ನಾನು ಹೆಮ್ಮೆಯಿಂದ ಬಸಪ್ಪನನ್ನು ಎಬ್ಬಿಸಿದೆ.

ಅವನು ನನ್ನ ಕಡೆ ತಿರುಗಿ, ಲಾಭ ಇನ್ನೂ ಆಗಿಲ್ಲ ಎಂದ. ರಾಜಕುಮಾರರನ್ನು ಸುಡಲೆಂದೇ ಕಟ್ಟಿಸಿದ ಅರಗಿನ ಮನೆಯ ಕಥೆ ಹೇಳಿದ ದಿನದಿಂದ ಒಂದು ಪ್ರಶ್ನೆ ಕೇಳಬೇಕೆಂದು ಕೈ ಎತ್ತುತ್ತಿದ್ದಾನಂತೆ, ನಾನು ಬಿಟ್ಟರಲ್ಲವೆ? ಸಭೆಯೆಲ್ಲ ನನ್ನನ್ನೇ ನೋಡಿತು. ಕೇಳಪ್ಪ ಎಂದೆ.

“ಆ ಮನಿಗೆ ಗಿಲಾವ ಮಾಡಿದಾವ್ಗ ಗೊತ್ತಿತ್ತೇನ್ರಿ, ಇದು ಸುಡೂ ಮನಿ ಅಂತ?”

ಅವತ್ತಿನ ಪಂಡಿತರು ಮುಗುಳ್ನಕ್ಕು, ಅದನ್ನು ಕಟ್ಟಿಸಿದ ಮಂತ್ರಿಯ ಹೆಸರು ಹೇಳಿ, ಅವನಿಗೆ ಎಲ್ಲ ಗೊತ್ತಿತ್ತು ಎಂದರು.

“ಅಂವ ಗುತ್ತೇದಾರರೀ. ನಾ ಕೇಳಿದ್ದು ಗೌಂಡಿ ಸುದ್ದಿ.”

ಆಮೇಲೆ ನಡೆದದ್ದನ್ನು ಚರ್ಚೆ ಎನ್ನಬೇಕೋ ಜಗಳ ಎನ್ನಬೇಕೋ ತಿಳಿಯದು. ವಾಸನೆಯಿಂದಲೇ ಗೊತ್ತಾಗಿರುತ್ತದೆ ಎಂದರು ಒಬ್ಬರು. ಗೊತ್ತಾದರೂ ಕೂಲಿಯವನು ಏನು ಮಾಡಿಯಾನು ಎಂದರು ಇನ್ನೊಬ್ಬರು. ಹಾಗಾದರೆ ಪಾಪ ಯಾರಿಗೆ ಎಂದು ಎದ್ದರು, ಅದುವರೆಗೆ ಬಾಯಿಬಿಡದಿದ್ದ ಟೀಚರಮ್ಮ ಒಬ್ಬರು. ಹಿರಿಯರು ಒಮ್ಮೆ ಇತ್ತ, ಒಮ್ಮೆ ಅತ್ತ ಕತ್ತು ತಿರುಗಿಸುತ್ತ ಕೂತರು. ಕೊನೆಗೆ ಜವಾನ ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕಿದ. ವಂದನಾರ್ಪಣೆ ಆಗಲೇ ಇಲ್ಲ.

ಮರುದಿನ ಭಟ್ಟರು ಸಿಕ್ಕರು. “ಹೆಸರಿಗಾಗಿ ಅಲ್ಲ ಮಾರಾಯ್ರೆ. ಆದ್ರೆ ಹೆಸರು ಹೇಳದಿದ್ರೆ ಕಾಫಿ ಯಾರದ್ದು ಅಂತ ಜನರಿಗೆ ಗೊತ್ತಾಗುದು ಹೇಗೆ?” ಕಾಫಿ ನಿಂತಿತು. ಹಿಂದೆಯೇ ಕುರ್ಚಿ ನಿಂತಿತು. ಟ್ರಸ್ಟಿನ ಪತ್ರ ಮಾತ್ರ ಬಂತು: ಇನ್ನೊಂದು ವರ್ಷ ಕೊಡುತ್ತೇವೆ, ಸ್ಥಳೀಯ ನೆರವು ಏನೆಂದು ತಿಳಿಸಿ. ಅವರಿಗೆ ಹಿಡಿಸಿದ್ದು ಆ ಜಗಳವೋ, ನಾನು ಮಾತಾಡದೆ ಇದ್ದದ್ದೋ, ಇಂದಿಗೂ ಅರಿಯೆ.

ಸ್ಥಳೀಯ ನೆರವು ಏನೂ ಉಳಿದಿಲ್ಲವೆಂದು ಬಸಪ್ಪನ ಹತ್ತಿರ ಗೋಳಾಡಿದೆ. ಮುಂದಿನ ಭಾನುವಾರ ಅವನೂ ನಾಲ್ವರು ಜೊತೆಗಾರರೂ ಬಂದು ಆ ಕೋಣೆಯ ಉದುರುತ್ತಿದ್ದ ಗೋಡೆಗೆ ಗಿಲಾವು ಮಾಡಿದರು. “ಗೋಡೆ, ಒಂದು” ಎಂದು ಟ್ರಸ್ಟಿಗೆ ಬರೆದೆ. ಮುಂದಿನ ಸಭೆಯಲ್ಲಿ ಎದ್ದು, ಕಂಠ ಸರಿಮಾಡಿಕೊಂಡು, ಕಲಾಪೋಷಕರಾದ ಶ್ರೀಯುತ ಬಸಪ್ಪನವರು ಎಂದು ಆರಂಭಿಸಿದೆ. ಕೈ ಮೇಲೆದ್ದಿತು.

“ಹೆಸರ ಬ್ಯಾಡ್ರಿ ಸಾಹೇಬ್ರ. ಉತ್ತರ ಹೇಳ್ರಿ.”

ಅಂದಿನಿಂದ ಆ ಉತ್ತರವನ್ನು ಸಿಕ್ಕ ಗ್ರಂಥಗಳಲ್ಲೆಲ್ಲ ಹುಡುಕಿದ್ದೇನೆ. ಗುತ್ತೇದಾರನ ಹೆಸರು ಎಲ್ಲದರಲ್ಲೂ ಇದೆ. ಇತ್ತೀಚೆಗೆ ಅರಗಿನ ಮನೆಯ ಭಾಗ ಬಂದರೆ ಬೆಂಕಿ ಹತ್ತುವ ಮೊದಲೇ ಪುಸ್ತಕ ಮುಚ್ಚಿಡುತ್ತೇನೆ. ಒಳಗೆ ಯಾರಾದರೂ ಇನ್ನೂ ಗೋಡೆ ನುಣುಪು ಮಾಡುತ್ತಿರಬಹುದು.