ತಿರುವಿನಾಚೆ ಇಡದ ಬೋರ್ಡು

ಮೇಸ್ತ್ರಿ ಕೈಯಿಟ್ಟ ಗುಂಡಿ ಎರಡು ಮಳೆಗಾಲ ತಡೆಯುತ್ತದೆ ಎಂಬ ಮಾತು ನಗರಸಭೆಯ ರಸ್ತೆ ವಿಭಾಗದಲ್ಲಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಜಲ್ಲಿ ಹೊರುವ ಕೂಲಿಯಾಗಿ ಸೇರಿದವರು ಅವರು. ಮೂವತ್ತಾರು ವರ್ಷ ಕಳೆದು ಈಗ ಎಂಟು ಜನರ ತಂಡಕ್ಕೆ ಹಿರಿಯರಾಗಿದ್ದರು. ಓದಿದ್ದು ಆರನೇ ತರಗತಿ. ಆದರೆ ಚಪ್ಪಲಿ ಬಿಟ್ಟು ರಸ್ತೆಯ ಮೇಲೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಕೆಳಗೆ ನೀರು ನಿಂತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವರೇ ಗುರು. "ಗುಂಡಿ ಅಂದ್ರೆ ಹುಳುಕು ಹಲ್ಲಿದ್ದ ಹಾಗೆ ಕಣ್ರಯ್ಯಾ. ಮೇಲೆ ಮುಚ್ಚಿದ್ರೆ ಒಳಗೊಳಗೇ ತಿನ್ನುತ್ತೆ," ಎನ್ನುತ್ತಾ ಗುಂಡಿಯ ಅಂಚನ್ನು ಚೌಕವಾಗಿ ಕಡಿದು, ಧೂಳು ಗುಡಿಸಿ, ಡಾಂಬರು ಹಚ್ಚಿ, ಜಲ್ಲಿ ತುಂಬಿ, ದಮ್ಮಸು ಹೊಡೆದು ತೋರಿಸುತ್ತಿದ್ದರು.

ಹೀಗಾಗಿ, ನೌಕರರಿಗೆಲ್ಲ ಮೂರು ದಿನದ ರಸ್ತೆ ನಿರ್ವಹಣೆ ಮತ್ತು ಸುರಕ್ಷತೆಯ ತರಬೇತಿ ಎಂದು ಸುತ್ತೋಲೆ ಬಂದಾಗ ತಂಡದವರು ನಕ್ಕರು. "ಮೀನಿಗೆ ಈಜು ಕಲಿಸ್ತಾರಂತೆ," ಎಂದ ಟಿಪ್ಪರ್ ಚಾಲಕ. ಮೇಸ್ತ್ರಿ ನಗಲಿಲ್ಲ. ಹಾಜರಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತಾ ಒಂದು ಹೆಸರಿನ ಮೇಲೆ ಅವರ ಬೆರಳು ನಿಂತುಬಿಟ್ಟಿತ್ತು. ಅದು ಉದ್ದಣ್ಣನ ಹೆಂಡತಿಯದು. ಅನುಕಂಪದ ನೌಕರಿಯಲ್ಲಿ ಸೇರಿ ಹನ್ನೊಂದು ವರ್ಷ ಬೀದಿ ಗುಡಿಸಿದ್ದ ಆಕೆಗೆ ಆ ತಿಂಗಳಷ್ಟೇ ರಸ್ತೆ ವಿಭಾಗಕ್ಕೆ ವರ್ಗವಾಗಿತ್ತು.

ಉದ್ದಣ್ಣ ಮೇಸ್ತ್ರಿಯ ಜೊತೆಗೇ ಕೆಲಸಕ್ಕೆ ಸೇರಿದವನು. ಆಳು ಎತ್ತರ. ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ಬರಬೇಕಾದ್ದರಿಂದ ಆ ಹೆಸರು. ಒಬ್ಬ ಹಾರೆ ಹಿಡಿದರೆ ಇನ್ನೊಬ್ಬ ಬುಟ್ಟಿ ಹಿಡಿಯುವಂತೆ ಇಬ್ಬರೂ ಇಪ್ಪತ್ತೈದು ವರ್ಷ ದುಡಿದಿದ್ದರು. ಊರ ಹೊರಗಿನ ರಸ್ತೆಯ ತಿರುವಿನಲ್ಲಿ ಗುಂಡಿ ಮುಚ್ಚುವಾಗ, ಹಗಲು ಹನ್ನೊಂದು ಗಂಟೆಗೆ, ಒಂದು ಲಾರಿ ಅವನ ಮೇಲೆ ಹರಿಯಿತು. ಉಳಿದವರು ಜಲ್ಲಿ ತರಲು ಹೋಗಿದ್ದರು. ಅಲ್ಲಿದ್ದದ್ದು ಮೇಸ್ತ್ರಿ ಒಬ್ಬರೇ.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಎಚ್ಚರಿಕೆ ಬೋರ್ಡು ಇಟ್ಟಿದ್ರಾ?"

"ಇಟ್ಟಿದ್ವಿ ಸಾರ್," ಎಂದರು ಮೇಸ್ತ್ರಿ.

ಎಲ್ಲಿ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಚಾಲಕನ ಅತಿವೇಗ, ಮೃತ ನೌಕರನ ಅಜಾಗರೂಕತೆ ಎಂದು ವರದಿ ಮುಗಿಯಿತು. ಚಾಲಕ ವೇಗವಾಗಿ ಬಂದದ್ದು ನಿಜವೇ, ಅದಕ್ಕೆ ಅವನು ಶಿಕ್ಷೆ ಅನುಭವಿಸಿದ. ಉದ್ದಣ್ಣನ ಅಜಾಗರೂಕತೆ ಮಾತ್ರ ಕಾಗದದಿಂದ ಜನರ ಬಾಯಿಗೆ ಬಂದು ಅಲ್ಲೇ ಉಳಿಯಿತು.

ತರಬೇತಿ ನಡೆದದ್ದು ಉಗ್ರಾಣದ ಮೇಲಿನ ಸಭಾಕೋಣೆಯಲ್ಲಿ. ಕೆಳಗಿನಿಂದ ಡಾಂಬರಿನ ವಾಸನೆ ಹತ್ತಿ ಬರುತ್ತಿತ್ತು, ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಪಾಠ ಹೇಳಲು ಬಂದವರು ಮೂವತ್ತು ದಾಟದ ಎಂಜಿನಿಯರ್ ಹೆಣ್ಣುಮಗಳು. ಎಲ್ಲರೂ ಮೇಡಂ ಎಂದರು. ಮೊದಲನೇ ದಿನ ಗುಂಡಿ ಮುಚ್ಚುವ ಪಾಠ. ಅರ್ಧ ಗಂಟೆ ಮಾತಾಡಿದ ಮೇಡಂ ಮೇಸ್ತ್ರಿಯ ಕಡೆ ಸೀಮೆಸುಣ್ಣ ಚಾಚಿದರು. "ಇದನ್ನ ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ನೀವೇ ಹೇಳಿ, ನಾನೂ ಬರ್ಕೋತೀನಿ." ಮೇಸ್ತ್ರಿ ಸಂಕೋಚದಿಂದಲೇ ಎದ್ದು ಹೇಳಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಉದ್ದಣ್ಣನ ಹೆಂಡತಿ ಮಗಳ ಹಳೆಯ ನೋಟ್‌ಪುಸ್ತಕವೊಂದರಲ್ಲಿ ಎಲ್ಲವನ್ನೂ ನಿಧಾನವಾಗಿ ಬರೆದುಕೊಳ್ಳುತ್ತಿದ್ದಳು.

ಎರಡನೇ ದಿನ ಸುರಕ್ಷತೆ. ಮೇಡಂ ಎಲ್ಲರನ್ನೂ ಉಗ್ರಾಣದ ಹಿಂದಿನ ನೇರ ರಸ್ತೆಗೆ ಕರೆದುಕೊಂಡು ಹೋಗಿ ಎರಡೂ ತುದಿ ಮುಚ್ಚಿಸಿದರು. ಟಿಪ್ಪರಿಗೆ ಅರ್ಧ ಜಲ್ಲಿ ತುಂಬಿಸಿದರು. "ಐವತ್ತರ ವೇಗದಲ್ಲಿ ಬನ್ನಿ. ನಾನು ಕೆಂಪು ಬಾವುಟ ಎತ್ತಿದ್ದು ಕಂಡ ಕೂಡಲೇ ಬ್ರೇಕ್ ಹಾಕಿ," ಎಂದರು.

"ಮೇಡಂ, ಈ ಗಾಡಿ ಐವತ್ತು ಮುಟ್ಟೋದು ಇಳಿಜಾರಲ್ಲಿ ಮಾತ್ರ," ಎಂದ ಚಾಲಕ. ಎಲ್ಲರೂ ನಕ್ಕರು.

ಟಿಪ್ಪರ್ ಬಂತು. ಬಾವುಟ ಮೇಲೆದ್ದಿತು. ಚಕ್ರ ಕಿರುಚಿ, ಗಾಡಿ ಮುಂದಕ್ಕೆ ಜಾರಿ, ಕೊನೆಗೆ ನಿಂತಿತು. ಬಾವುಟ ಎದ್ದಾಗ ಗಾಡಿ ಎಲ್ಲಿತ್ತೋ ಅಲ್ಲಿ ಮೇಡಂ ಸುಣ್ಣದಲ್ಲಿ ಗೆರೆ ಹಾಕಿಸಿ, "ಮೇಸ್ತ್ರಿ, ಇಲ್ಲಿಂದ ಗಾಡಿಯವರೆಗೆ ಎಷ್ಟು ಹೆಜ್ಜೆ ಅಂತ ಅಳೀರಿ," ಎಂದರು.

ಅವರು ಎಣಿಸುತ್ತಾ ನಡೆದರು. ಹದಿನೆಂಟಕ್ಕೆ ಬಂದಾಗ ಕಾಲು ತಾನಾಗಿ ನಿಂತಿತು. ಟಿಪ್ಪರ್ ಇನ್ನೂ ದೂರದಲ್ಲಿತ್ತು.

"ಯಾಕೆ ಮೇಸ್ತ್ರಿ? ಲೆಕ್ಕ ತಪ್ಪಿತಾ?" ಎಂದು ಯಾರೋ ಕೂಗಿದರು.

ಅವರು ತಲೆಯಾಡಿಸಿ ಮತ್ತೆ ನಡೆದರು. ಅರವತ್ತೊಂದು ಹೆಜ್ಜೆ. ಉದ್ದಣ್ಣನ ಹೆಂಡತಿ ಅದನ್ನೂ ಬರೆದುಕೊಂಡಳು. ಮಧ್ಯಾಹ್ನ ಊಟದ ಡಬ್ಬಿಯನ್ನು ಮೇಸ್ತ್ರಿ ಬಿಚ್ಚಲೇ ಇಲ್ಲ.

ಸಂಜೆ ಮನೆಗೆ ಬಂದವರು ಹಿತ್ತಲ ಕಲ್ಲಿನ ಮೇಲೆ ಕೂತೇ ಇದ್ದರು. ತುಂಬಿದ ಡಬ್ಬಿ ನೋಡಿ ಹೆಂಡತಿ ಹತ್ತಿರ ಬಂದಳು. "ಮೈ ಸರಿಯಿಲ್ವಾ?"

"ಅವತ್ತು ಬೋರ್ಡು ಇದ್ದದ್ದು ಹದಿನೆಂಟು ಹೆಜ್ಜೆ ದೂರದಲ್ಲಿ ಕಣೇ," ಎಂದರು ಮೇಸ್ತ್ರಿ. "ತಿರುವಿನ ಈ ಕಡೆ. ಉದ್ದಣ್ಣ ಆಚೆ ಇಟ್ಟು ಬರ್ತೀನಿ ಅಂದ. ನಾನು ಬೇಡ ಅಂದೆ. ಡಾಂಬರು ಆರಿಹೋಗುತ್ತೆ, ಬೇಗ ಮುಗಿಸು ಅಂದೆ."

ಹೆಂಡತಿ ಪಕ್ಕದಲ್ಲಿ ಕೂತಳು. ಹನ್ನೊಂದು ವರ್ಷದಿಂದ ಗಂಡ ಆ ತಿರುವಿನ ದಾರಿ ಬಿಟ್ಟು ಸುತ್ತು ಬಳಸಿ ಯಾಕೆ ಹೋಗುತ್ತಾನೆಂದು ಅವಳು ಕೇಳಿರಲಿಲ್ಲ. ದುಃಖ ಎಂದುಕೊಂಡಿದ್ದಳು.

"ನಾಳೆ ಕ್ಲಾಸಲ್ಲಿ ಎದ್ದು ಹೇಳಿಬಿಡ್ತೀನಿ," ಎಂದರು ಮೇಸ್ತ್ರಿ.

"ಯಾರ ಮುಂದೆ?"

"ಎಲ್ಲರ ಮುಂದೆ. ಅವಳೂ ಇರ್ತಾಳೆ."

"ಹಾಗೆ ಮಾಡಬೇಡಿ. ಸಭೆಯಲ್ಲಿ ಕೂರಿಸಿ ಇಂಥ ಮಾತು ಹೇಳಿದ್ರೆ ಆ ಹೆಂಗಸಿಗೆ ಅಳೋದಕ್ಕೂ ಜಾಗ ಇರಲ್ಲ. ಮೊದಲು ಅವಳಿಗೆ ಹೇಳಿ. ಊರಿಗೆ ಹೇಳಬೇಕಾ ಬೇಡವಾ ಅನ್ನೋದು ಆಮೇಲೆ."

ಮರುದಿನ ಮೇಸ್ತ್ರಿ ಒಂದು ಗಂಟೆ ಮುಂಚೆಯೇ ಹೋದರು. ಉಗ್ರಾಣದ ಅಂಗಳದ ನಲ್ಲಿಯಲ್ಲಿ ಉದ್ದಣ್ಣನ ಹೆಂಡತಿ ಕ್ಲಾಸಿಗೆ ಕುಡಿಯುವ ನೀರು ಹಿಡಿಯುತ್ತಿದ್ದಳು. "ಬನ್ನಿ ಅಣ್ಣ, ಇಷ್ಟು ಬೇಗ?" ಎಂದಳು. ಅವಳು ಅವರನ್ನು ಮದುವೆಯಾಗಿ ಬಂದ ದಿನದಿಂದ ಅಣ್ಣ ಎಂದೇ ಕರೆಯುತ್ತಿದ್ದಳು.

"ತಂಗಿ, ಒಂದು ಮಾತಿದೆ. ಕೇಳಿದ ಮೇಲೆ ನೀನು ಏನಂದ್ರೂ ಸರಿ."

ನಿಂತಲ್ಲೇ ಹೇಳಿದರು. ಹೇಳಿ ಮುಗಿಸುವ ಹೊತ್ತಿಗೆ ಬಿಂದಿಗೆ ತುಂಬಿ ನೀರು ಅವಳ ಕಾಲಿನ ಮೇಲೆ ಹರಿಯುತ್ತಿತ್ತು. ಅವಳು ನಲ್ಲಿ ನಿಲ್ಲಿಸಿದಳು.

"ಆಚೆ ಇಡ್ತೀನಿ ಅಂತ ಅವರು ಕೇಳಿದ್ರಾ?"

"ಕೇಳಿದ. ಎರಡು ಸಲ ಕೇಳಿದ."

"ಏನಂತ ಕೇಳಿದ್ರು? ಅವರ ಮಾತಲ್ಲೇ ಹೇಳಿ."

"'ಬೋರ್ಡು ತಿರುವಿನಾಚೆ ಇಟ್ಟು ಬರ್ತೀನಿ ಮೇಸ್ತ್ರಿ, ಇಲ್ಲಿದ್ರೆ ಗಾಡಿಯವರಿಗೆ ಕಾಣಲ್ಲ' ಅಂದ. ನಾನು ಬೇಡ ಅಂದ ಮೇಲೂ 'ಎರಡೇ ನಿಮಿಷ' ಅಂದ. ನಾನು ಗದರಿಸಿದೆ. ಸುಮ್ಮನೆ ಬಗ್ಗಿ ಗುಡಿಸೋಕೆ ಶುರು ಮಾಡಿದ."

ಅವಳು ಬಿಂದಿಗೆಯ ಪಕ್ಕದ ಕಟ್ಟೆಯ ಮೇಲೆ ಕೂತಳು. "ಹಾಗಾದ್ರೆ ಅವರು ಎಚ್ಚರಿಕೆ ಮರೆತಿರಲಿಲ್ಲ," ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ತಲೆಯೆತ್ತಿದಳು. "ನನ್ನ ಮಗಳು ಕೇಳಿದಾಗೆಲ್ಲ ನಾನೇ ಹೇಳಿದ್ದೀನಿ, ನಿಮ್ಮಪ್ಪ ನೋಡದೆ ರಸ್ತೆಗೆ ಕಾಲಿಟ್ರು, ನೀನು ನೋಡಿ ನಡಿ ಅಂತ. ಆ ಮಗು ಅಪ್ಪನ ಮೇಲೆ ಸಿಟ್ಟು ಇಟ್ಕೊಂಡೇ ಬೆಳೀತು. ನೀವು ಪ್ರತಿ ವರ್ಷ ಬೇಸಿಗೆ ರಜೆ ಕಳೆದ ಕೂಡಲೇ ಮನೆಗೆ ಬಂದು ಅವಳ ಶಾಲೆ ಪುಸ್ತಕಕ್ಕೆಲ್ಲ ರಟ್ಟು ಹಾಕಿ ಕೊಡ್ತಿದ್ರಿ. ಆಗಲೂ ಇದು ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

ಅವಳು ಅಳಲಿಲ್ಲ. ಒದ್ದೆಯಾದ ಸೀರೆಯ ಅಂಚನ್ನು ಹಿಂಡಿದಳು. ಮೇಸ್ತ್ರಿ ಕ್ಷಮೆ ಕೇಳಲೆಂದು ಬಾಯಿ ತೆರೆದರು. ಅವಳು ಕೈ ಅಡ್ಡ ಹಿಡಿದಳು.

"ಅದು ಬೇಡ. ಒಳಗೆ ಬಂದು ಹೇಳಿ. ಅವರ ಹೆಸರು ಕೆಡಿಸಿದ್ದು ನಾಲ್ಕು ಜನರ ಮುಂದೆ. ಸರಿ ಮಾಡೋದೂ ನಾಲ್ಕು ಜನರ ಮುಂದೆಯೇ ಆಗಬೇಕು."

ಆ ದಿನ ಮೇಡಂ ಪಾಠ ಶುರು ಮಾಡುವ ಮೊದಲೇ ಮೇಸ್ತ್ರಿ ಎದ್ದರು. ಮೂವತ್ತು ಜನ ಕೂತಿದ್ದರು. ಅರ್ಧಕ್ಕರ್ಧ ಜನಕ್ಕೆ ಕೆಲಸ ಕಲಿಸಿದವರು ಅವರೇ. ಕರಿಹಲಗೆಯ ಮೇಲೆ ತಿರುವು ಬರೆದರು. ಗುಂಡಿಗೊಂದು ಸೊನ್ನೆ, ಬೋರ್ಡಿಗೊಂದು ಅಡ್ಡಗೆರೆ. "ನಾನು ಇಡಿಸಿದ್ದು ಇಲ್ಲಿ," ಎಂದರು. "ಲಾರಿಯವನಿಗೆ ಬೋರ್ಡು ಕಂಡದ್ದೂ ಮನುಷ್ಯ ಕಂಡದ್ದೂ ಒಟ್ಟಿಗೇ. ನಿನ್ನೆ ನೀವೇ ನೋಡಿದಿರಿ, ಐವತ್ತರಲ್ಲಿ ಬಂದ್ರೂ ಅರವತ್ತೊಂದು ಹೆಜ್ಜೆ ಬೇಕು. ಅವನಿಗೆ ಸಿಕ್ಕಿದ್ದು ಹದಿನೆಂಟು. ಅಜಾಗರೂಕತೆ ಉದ್ದಣ್ಣನದ್ದಲ್ಲ, ನನ್ನದು." ಹೇಳಿ ಸೀಮೆಸುಣ್ಣ ಕೆಳಗಿಟ್ಟರು.

ಹಿಂದಿನ ಸಾಲಿನಿಂದ ಉದ್ದಣ್ಣನ ಹೆಂಡತಿ ಎದ್ದು ನಿಂತಳು. "ಒಂದು ಬಿಟ್ಟಿರಿ. ಅವರು ಎರಡು ಸಲ ಕೇಳಿದ್ರು ಅನ್ನೋದು."

"ಹೌದು," ಎಂದರು ಮೇಸ್ತ್ರಿ. "ಆಚೆ ಇಡ್ತೀನಿ ಅಂತ ಎರಡು ಸಲ ಕೇಳಿದ. ಎರಡು ಸಲವೂ ನಾನು ಬೇಡ ಅಂದೆ."

ಟಿಪ್ಪರ್ ಚಾಲಕ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೇಡಂ ಆ ಚಿತ್ರವನ್ನು ಅಳಿಸಲಿಲ್ಲ. ಬೇರೆ ಹಲಗೆ ತರಿಸಿ ಪಾಠ ಮಾಡಿದರು.

ಅಂದು ಮಧ್ಯಾಹ್ನ ಎಲ್ಲರೂ ಕೈಯಾರೆ ಮಾಡಿ ನೋಡುವ ಪಾಠ. ಊರ ಹೊರಗಿನ ಆ ತಿರುವಿಗೇ ಹೋಗೋಣ ಎಂದದ್ದು ಉದ್ದಣ್ಣನ ಹೆಂಡತಿ. ಮೇಡಂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹೂಂ ಎಂದರು. ಕೆಂಪು ಪ್ಲಾಸ್ಟಿಕ್ ಕೋನುಗಳನ್ನು ಸಾಲಾಗಿ ಇಟ್ಟದ್ದಾಯಿತು, ಹೊಳೆಯುವ ಪಟ್ಟಿಯ ಜಾಕೆಟ್ಟು ತೊಟ್ಟದ್ದಾಯಿತು. "ಮೊದಲ ಬೋರ್ಡು ಯಾರು ಇಡ್ತೀರಿ?" ಎಂದು ಮೇಡಂ ಕೇಳಿದಾಗ ಉದ್ದಣ್ಣನ ಹೆಂಡತಿ ಯಾರನ್ನೂ ಕಾಯದೆ ಬೋರ್ಡನ್ನು ತಬ್ಬಿ ಎತ್ತಿಕೊಂಡು ನಡೆದಳು. ಭಾರಕ್ಕೆ ಒಂದು ಕಡೆ ವಾಲಿ ನಡೆಯುತ್ತಿದ್ದಳು. ಸಹಾಯಕ್ಕೆ ಹೋದವನನ್ನು ಬೇಡವೆಂದು ಕಳಿಸಿದಳು. ತಿರುವು ದಾಟಿ, ಕೆಲಸದವರ ಕಣ್ಣಿಗೆ ಮರೆಯಾದಳು. ಅವಳು ವಾಪಸು ಬರಲು ಹೊತ್ತು ಹಿಡಿಯಿತು. ಬಂದಾಗ ಕಣ್ಣು ಕೆಂಪಾಗಿತ್ತು.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಮರುವಾರ ಹಳೆಯ ಹೇಳಿಕೆ ಅರ್ಧ ಸತ್ಯವೆಂದು ಬರೆದು ಆಯುಕ್ತರ ಕಚೇರಿಗೆ ಕೊಟ್ಟರು. "ಮುಗಿದ ಕಡತ ಮಾರಾಯ್ರೆ, ಸತ್ತ ಹಾವನ್ನ ಯಾಕೆ ಬಡೀತೀರಿ? ನಿವೃತ್ತಿಗೆ ಐದು ವರ್ಷ ಇದೆ," ಎಂದ ಗುಮಾಸ್ತ. ಮೇಸ್ತ್ರಿ ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೇ ಎದ್ದರು. ಆರು ತಿಂಗಳು ಅಲೆದಾಟ. ಕೊನೆಗೆ ಅವರಿಗೆ ಛೀಮಾರಿ ಪತ್ರ ಬಂತು, ತಂಡದ ಮೇಸ್ತ್ರಿಗಿರಿ ಒಂದು ವರ್ಷ ಬೇರೆಯವರಿಗೆ ಹೋಯಿತು. ಅದೇ ಆದೇಶದ ಕೊನೆಯಲ್ಲಿ, ಮೃತ ನೌಕರನ ಅಜಾಗರೂಕತೆ ಎಂಬ ಮಾತನ್ನು ವರದಿಯಿಂದ ತೆಗೆದುಹಾಕಲಾಗಿದೆ ಎಂದಿತ್ತು. ಒಂದು ಪ್ರತಿ ಉದ್ದಣ್ಣನ ಮನೆಗೂ ಹೋಯಿತು. ಆಕೆ ಅದನ್ನು ಪಕ್ಕದ ಊರಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳ ಮನೆಗೆ ಒಯ್ದು, ಎದುರಿಗೆ ಕೂರಿಸಿಕೊಂಡು ಓದಿ ಹೇಳಿದಳಂತೆ.

ಆಕೆ ಮೇಸ್ತ್ರಿಯನ್ನು ಮತ್ತೆಂದೂ ಅಣ್ಣ ಎನ್ನಲಿಲ್ಲ, ಮನೆಗೆ ಕರೆಯಲೂ ಇಲ್ಲ. ಆದರೆ ಅದೇ ತಂಡದಲ್ಲಿ ಬಾವುಟ ಹಿಡಿಯುವ ಕೆಲಸವನ್ನು ಕೇಳಿ ಪಡೆದಳು. ಅವಳು ಕೈಯೆತ್ತುವವರೆಗೆ ಯಾರೂ ರಸ್ತೆಗೆ ಹಾರೆ ಇಡುವ ಹಾಗಿರಲಿಲ್ಲ. ಎಂಜಿನಿಯರರು ಅವಸರ ಮಾಡಿದರೂ ಅವಳ ಉತ್ತರ ಒಂದೇ: "ನಿಲ್ಲಿ, ನಾನಿನ್ನೂ ಹೇಳಿಲ್ಲ."

ಮೇಸ್ತ್ರಿ ನಿವೃತ್ತರಾದ ಮೇಲೆ ಮೇಡಂ ಅವರನ್ನು ತರಬೇತಿಗೆ ಕರೆಯತೊಡಗಿದರು. ಬಸ್ಸು ಹತ್ತಿ ಊರೂರಿಗೆ ಹೋಗುತ್ತಾರೆ. ಗುಂಡಿಯ ಪಾಠ ಮಾಡುವಾಗ ನಗಿಸುತ್ತಾರೆ. ಮರುದಿನ ತಿರುವಿನ ಚಿತ್ರ ಬರೆದು, ಆದದ್ದನ್ನು ಆದ ಹಾಗೆ, ಎರಡು ಸಲದ ಮಾತನ್ನೂ ಸೇರಿಸಿ ಹೇಳುತ್ತಾರೆ. ಎಷ್ಟು ಊರಲ್ಲಿ ಹೇಳಿದರೂ ಅದು ಸಲೀಸಾಗಿಲ್ಲ. ಹೇಳಿ ಮುಗಿಸಿ ಒಂದು ಲೋಟ ನೀರು ಕುಡಿಯುತ್ತಾರೆ. ಆಮೇಲೆ, ಬನ್ನಿ, ಹೊರಗೆ ಹೋಗಿ ಅಳೆಯೋಣ ಎಂದು ಎಲ್ಲರನ್ನೂ ಬಿಸಿಲಿಗೆ ಎಬ್ಬಿಸುತ್ತಾರೆ.