ಬಂದರು ಕಾಣುವ ಮನೆಯ ಜಲಜಕ್ಕ

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳ ಬೀದಿಯಲ್ಲಿ ಹೆಚ್ಚಿನವು ವಿದ್ಯಾರ್ಥಿಗಳು ಹಂಚಿಕೊಂಡಿರುವ ಮನೆಗಳು. ಅವರೆಲ್ಲ ಗಾಢ ನಿದ್ದೆಯಲ್ಲಿದ್ದಾರೆ. ಒಂದು ಮನೆಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಜಲಜಾ ಕುಂದರ್ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾರೆ. ಗೋಡೆಯಾಚೆಯವರಿಗೆ ಸದ್ದು ಕೇಳದಿರಲೆಂದು ಯಂತ್ರದ ಕೆಳಗೆ ಟವೆಲ್ ಮಡಚಿ ಇಟ್ಟಿದ್ದಾರೆ. ಕಡುನೀಲಿ ಬಣ್ಣದ ದಪ್ಪ ಪರದೆಯೊಂದು ಅವರ ಮಡಿಲಿನಿಂದ ನೆಲದವರೆಗೆ ಇಳಿದಿದೆ.

ಪರದೆ ಈ ಮನೆಗಲ್ಲ. ಅದು ಸಮುದ್ರ ದಾಟಿ, ಐರ್ಲೆಂಡಿನ ಒಂದು ಸಣ್ಣ ಮೀನುಗಾರರ ಹಳ್ಳಿಗೆ ಹೋಗಬೇಕು. ಅಲ್ಲಿ ಬಂದರಿನ ಎದುರಿಗೇ ಇರುವ ಎರಡು ಕೋಣೆಗಳ ಫ್ಲ್ಯಾಟೊಂದನ್ನು ಜಲಜಾ ಒಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ಈವರೆಗೆ ರಜೆಗೆ ಬರುವವರಿಗೆ ದಿನಲೆಕ್ಕದಲ್ಲಿ ಕೊಡುತ್ತಿದ್ದ ಫ್ಲ್ಯಾಟ್ ಅದು. "ಅಲ್ಲಿ ಇದ್ದದ್ದು ತೆಳ್ಳಗಿನ ಬಿಳಿ ಪರದೆ. ಫೋಟೋದಲ್ಲಿ ಚಂದ ಕಾಣ್ತದೆ ಅಂತ ಹಾಕಿದ್ದು," ಎನ್ನುತ್ತಾರೆ ಅವರು, ಬಾಯಲ್ಲಿದ್ದ ಸೂಜಿ ತೆಗೆದು. "ಅದು ಇದ್ದರೆ ಇನ್ನು ಅಲ್ಲಿಗೆ ಬರುವ ಮಗು ಮಲಗುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ನಾಲ್ಕು ಗಂಟೆಗೇ ಬೆಳಗಾಗ್ತದೆ."

ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಅದಕ್ಕೆ ಕಾರಣವಾದ ಘಟನೆಯನ್ನು ಮುಂದೆ ಹೇಳುತ್ತೇನೆ.

ಜಲಜಾ ಹುಟ್ಟಿದ್ದು ಉಡುಪಿ ಜಿಲ್ಲೆಯ ಹಂಗಾರಕಟ್ಟೆಯ ಹತ್ತಿರದ, ಮೀನುಗಾರರಾದ ಮೊಗವೀರರ ಕೇರಿಯಲ್ಲಿ. ಗಂಡ ದಿವಾಕರ ಬರ್ಮಿಂಗ್‌ಹ್ಯಾಮಿನ ಒಂದು ದಕ್ಷಿಣ ಭಾರತೀಯ ಹೋಟೆಲಿಗೆ ಅಡುಗೆಯವರಾಗಿ ಬಂದರು. ಹಿಂದೆಯೇ ಜಲಜಾ ಬಂದರು. ಹೋಟೆಲು ಮುಚ್ಚಿದ ಮೇಲೆ ದಿವಾಕರ ಬಸ್ ಓಡಿಸುವುದನ್ನು ಕಲಿತರು. ಈಗಲೂ ಅದೇ ಕೆಲಸ. ಜಲಜಾ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ವಾರ್ಡು ಒರೆಸುವ ಕೆಲಸಕ್ಕೆ ಸೇರಿದರು. ವರ್ಷಗಟ್ಟಲೆ ಒದ್ದೆ ನೆಲ ಒರೆಸಿ ಬಲಭುಜ ಎತ್ತಲಾಗದಂತಾದಾಗ ಆ ಕೆಲಸ ಬಿಟ್ಟರು.

ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನೀರಜಾ, ಅದೇ ನಗರದ ಹಾರ್ಬೋರ್ನ್‌ನಲ್ಲಿರುವ ಮೈಸೂರಿನವರು. ಅವರ ಗಂಡ ಗೋಪಾಲ ಜಿಪಿ, ಅಂದರೆ ಕುಟುಂಬ ವೈದ್ಯರು. ಇಬ್ಬರೂ ಐರ್ಲೆಂಡಿಗೆ ರಜೆಗೆ ಹೋದಾಗ ಆ ಹಳ್ಳಿಯನ್ನು ಕಂಡು ಮೆಚ್ಚಿ, ಹಳೆಯ ಮೀನು ಗೋದಾಮನ್ನು ಒಡೆದು ಕಟ್ಟಿದ ಫ್ಲ್ಯಾಟುಗಳಲ್ಲಿ ಒಂದನ್ನು ಕೊಂಡಿದ್ದರು. ತಾವು ಹೋಗುವುದು ವರ್ಷಕ್ಕೆ ಎರಡು ವಾರ, ಉಳಿದ ದಿನ ಬಾಡಿಗೆಗೆ ಕೊಡುವುದು ಎಂಬುದು ಅವರ ಲೆಕ್ಕಾಚಾರ. ಆದರೆ ಮನೆ ಶುಚಿ ಮಾಡಲು ಊರಿನಲ್ಲಿ ಜನ ಸಿಗಲಿಲ್ಲ. ಅಂಥ ಕೆಲಸ ಮಾಡುವವರಿಗೆ ಆ ಊರಿನಲ್ಲಿ ಇರಲು ಮನೆಯೇ ಸಿಗುತ್ತಿರಲಿಲ್ಲ. ಮನೆಗಳೆಲ್ಲ ರಜೆಯವರ ಪಾಲಾಗಿದ್ದವು. ಹೀಗೆ, ಈಸ್ಟರಿನ ಮುಂಚಿನಿಂದ ಅಕ್ಟೋಬರಿನವರೆಗೆ ಅಲ್ಲಿರಲು ಒಪ್ಪಿ ಹೊರಟವರು ಜಲಜಾ. ಫ್ಲ್ಯಾಟಿನ ಹಿಂದಿದ್ದ ಉಗ್ರಾಣದಂಥ ಚಿಕ್ಕ ಕೋಣೆ ಅವರ ಬಿಡಾರವಾಯಿತು.

"ಸಮುದ್ರದ ವಾಸನೆ ಬಂದರೆ ಸಾಕಿತ್ತು ನನಗೆ," ಎನ್ನುತ್ತಾರೆ. "ಇಲ್ಲಿ ಬರ್ಮಿಂಗ್‌ಹ್ಯಾಮಲ್ಲಿ ಎಂತ ಉಂಟು, ಕಾಲುವೆ." ಇಷ್ಟು ವರ್ಷ ಬೆಂಗಳೂರಿನವರ, ಧಾರವಾಡದವರ ನಡುವೆ ಬಾಳಿ ಅವರ ಮಾತು ಎಲ್ಲರಿಗೂ ಹೊಂದುವ ಕನ್ನಡವಾಗಿದೆ. ಆದರೆ ಸಮುದ್ರದ ವಿಷಯ ಬಂದ ಕೂಡಲೇ ಕರಾವಳಿಯ 'ಎಂತ' ಮರಳಿ ಬರುತ್ತದೆ.

ಕೆಲಸ ಹೊರಗಿನವರಿಗೆ ಕಾಣುವಷ್ಟು ಹಗುರವಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕುಟುಂಬ ಹೊರಟರೆ ಸಂಜೆ ನಾಲ್ಕಕ್ಕೆ ಇನ್ನೊಂದು ಬರುತ್ತದೆ. ಅಷ್ಟರಲ್ಲಿ ಹಾಸಿಗೆಗಳೆಲ್ಲ ಬದಲಾಗಬೇಕು, ಬಚ್ಚಲಿನ ತೂಬಿನಿಂದ ಮರಳು ತೆಗೆಯಬೇಕು, ತಳ ಹಿಡಿದ ಪಾತ್ರೆ ಉಜ್ಜಬೇಕು, ಸೋಫಾದ ಸಂದಿಯಲ್ಲಿ ಸಿಕ್ಕಿದ ಆಟಿಕೆಯನ್ನು ಅಂಚೆಗೆ ಹಾಕಬೇಕು. ಕಡಲಹಕ್ಕಿಗಳು ಬೆಳಿಗ್ಗೆ ತುಂಬ ಬೇಗ ಕೂಗುತ್ತವೆಂದು ಒಬ್ಬರು ದೂರು ಬರೆದಿದ್ದರಂತೆ. "ಅವಕ್ಕೆ ಹೇಳಿ ನೋಡ್ತೇನೆ ಅಂತ ಬರೆಯುವ ಅನ್ನಿಸಿತು. ಸಾರಿ ಅಂತ ಬರೆದೆ," ಎಂದು ನಗುತ್ತಾರೆ.

ನಗಲಾರದ ದಿನಗಳೂ ಇದ್ದವು. ಊರಿನ ಅಂಗಡಿಗೆ ಅವರು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಯಾರೂ ಹತ್ತಿರವೂ ಬರಲಿಲ್ಲ. ಒಂದು ಬೆಳಿಗ್ಗೆ ಕಟ್ಟಡದ ಗೋಡೆಯ ಮೇಲೆ, ನಮಗೆ ಇರಲು ಮನೆ ಬೇಕು ಎಂದು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು. ಅತಿಥಿಗಳು ಬರುವ ಮೊದಲು ಜಲಜಾ ಅದನ್ನು ಎಡಗೈಯಲ್ಲಿ ತಿಕ್ಕಿ ತೆಗೆದರು. ಒಡೆಯರಿಗೆ ಹೇಳಲಿಲ್ಲ. "ಬರೆದದ್ದು ಸುಳ್ಳಲ್ಲವಲ್ಲ. ಅಳಿಸುವಾಗ ನನಗೇ ಒಂಥರಾ ಆಯ್ತು," ಎನ್ನುತ್ತಾರೆ.

ಕಳೆದ ಮಾರ್ಚ್‌ನಲ್ಲಿ, ಆ ವರ್ಷದ ಮೊದಲ ಅತಿಥಿಗಳು ಬರುವ ಹಿಂದಿನ ದಿನ, ಏಡಿ ಹಿಡಿಯಲು ಹೋದ ಸಣ್ಣ ದೋಣಿಯೊಂದು ಹಿಂತಿರುಗಲಿಲ್ಲ. ಅದರಲ್ಲಿ ಇಬ್ಬರಿದ್ದರು: ದೋಣಿಯ ಯಜಮಾನ ಮಾರ್ಟಿನ್ ಎಂಬ ಹಿರಿಯರು, ಮತ್ತು ಅವರ ಜೊತೆ ದುಡಿಯುತ್ತಿದ್ದ ಡೆಕ್ಲನ್ ಎಂಬ ಯುವಕ. ಮರುದಿನ ಬೆಳಿಗ್ಗೆ ಜಲಜಾ ಕಿಟಕಿ ತೆರೆದಾಗ ದೋಣಿ ಕಟ್ಟುವ ಧಕ್ಕೆಯ ಮೇಲೆ ಜನ ಗುಂಪಾಗಿ ನಿಂತಿದ್ದರು. ಗಾಳಿ ಕತ್ತರಿಸುವಂತಿತ್ತು. ಹುಡುಕುವ ದೋಣಿಗಳು ಹೋಗಿದ್ದವು, ಮಂಜು ಮುಸುಕಿತ್ತು. ಡೆಕ್ಲನ್‌ನ ಹೆಂಡತಿ ಬ್ರೀಡಾ ಎಲ್ಲರಿಗಿಂತ ಮುಂದೆ, ಹಗ್ಗ ಕಟ್ಟುವ ಕಂಬ ಹಿಡಿದು ನಿಂತಿದ್ದಳು. ಅವಳು ಆರು ತಿಂಗಳ ಬಸುರಿ.

ಜಲಜಾ ಕೆಳಗಿಳಿದು ಹೋದರು. ಒಳಗೆ ಬಾ ಎಂದರೆ ಅವಳು ಬರಲೊಪ್ಪಲಿಲ್ಲ. ಬೆಳಗಿನಿಂದ ಎಷ್ಟೋ ಜನ ಕರೆದಿದ್ದರಂತೆ. ಯಾರ ಮನೆಗೂ ಅವಳು ಹೋಗಿರಲಿಲ್ಲ. ಆಗ ಜಲಜಾ ಮೇಲಿನ ದೊಡ್ಡ ಕಿಟಕಿಯ ಕಡೆ ಕೈ ತೋರಿಸಿ, ಅಲ್ಲಿ ಕೂತರೂ ಬಂದರಿನ ಬಾಯಿ ಕಾಣುತ್ತದೆ, ಬರುವ ದೋಣಿ ಇಲ್ಲಿಗಿಂತ ಮೊದಲು ಕಾಣುತ್ತದೆ ಎಂದರು. ಬ್ರೀಡಾ ಕಿಟಕಿಯನ್ನು ನೋಡಿದಳು. ಆಮೇಲೆ ಕಂಬ ಬಿಟ್ಟಳು.

"ಸಮುದ್ರಕ್ಕೆ ಹೋದವರು ಬಾರದಿದ್ದರೆ ಮನೆಯವರಿಗೆ ಒಳಗೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ. ನೀರು ಕಣ್ಣೆದುರು ಇರಬೇಕು," ಎನ್ನುತ್ತಾರೆ ಜಲಜಾ. ಅವರು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ನಾಡದೋಣಿಯಲ್ಲಿ ಹೋದ ಅವರ ಅಣ್ಣ ಬಂದಿರಲಿಲ್ಲ. ಅಮ್ಮ ಮಳೆಯಲ್ಲೇ ಮರಳಿನ ಮೇಲೆ ಕುಳಿತಿದ್ದರು. ಏಳಿಸಲು ಬಂದವರು ಬಹಳ, ಪಕ್ಕದಲ್ಲಿ ಕುಳಿತವರು ಕಡಿಮೆ. ಅಣ್ಣ ಸಿಗಲೇ ಇಲ್ಲ. ಇದನ್ನು ಹೇಳುವಾಗ ಅವರು ಹೊಲಿಗೆ ನಿಲ್ಲಿಸುವುದಿಲ್ಲ.

ಬ್ರೀಡಾ ಬಂದಮೇಲೆ ಉಳಿದವರೂ ಬಂದರು. ಫ್ಲ್ಯಾಟು ಒದ್ದೆ ಬೂಟು, ಒದ್ದೆ ಕೋಟುಗಳಿಂದ ತುಂಬಿತು. ಅತಿಥಿಗಳಿಗೆಂದು ಹಾಸಿದ್ದ ಹೊಸ ಹಾಸಿಗೆಯ ಮೇಲೆ ಮಾರ್ಟಿನ್ನರ ಮಗಳು ಮಲಗಿದಳು. ಜಲಜಾ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟರು, ಗಂಜಿ ಬೇಯಿಸಿದರು. ಆಮೇಲಷ್ಟೇ ಹಾರ್ಬೋರ್ನ್‌ಗೆ ಫೋನು ಮಾಡಿದರು. ನೀರಜಾ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು; ಸಿಕ್ಕಿದ್ದು ಗೋಪಾಲ. ಅತಿಥಿಗಳು ಆಗಲೇ ಹಡಗು ಹತ್ತಿದ್ದಾರೆ, ಮಧ್ಯಾಹ್ನದೊಳಗೆ ಮನೆ ಖಾಲಿಯಾಗಿರಬೇಕು, ಊರವರಿಗೆ ಚರ್ಚಿನ ಸಭಾಂಗಣ ಇದೆಯಲ್ಲ ಎಂದು ಅವರು ಸಿಟ್ಟಿನಲ್ಲೇ ಹೇಳಿದರಂತೆ.

"ಡಾಕ್ಟ್ರೇ, ನೀವೇ ಬಂದು ಅವರಿಗೆ ಹೇಳಿ. ನನ್ನ ಬಾಯಲ್ಲಿ ಅದು ಬರುವುದಿಲ್ಲ," ಎಂದರು ಜಲಜಾ. ಒಂಬತ್ತು ವರ್ಷದಲ್ಲಿ ಅವರು ಒಡೆಯರ ಮಾತಿಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಫೋನಿಟ್ಟ ಮೇಲೆ, ಕೆಲಸ ಹೋಯಿತು ಎಂದೇ ಅಂದುಕೊಂಡರಂತೆ.

ಸಂಜೆ ಬಂದ ಅತಿಥಿಗಳು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ಮಹೇಶ, ಸಂಯುಕ್ತಾ ಮತ್ತು ಇಬ್ಬರು ಮಕ್ಕಳು. ಮಹೇಶ ಸಾಫ್ಟ್‌ವೇರಿನವರು. ಅವರನ್ನು ಫೋನಿನಲ್ಲಿ ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: "ನನಗೆ ಸಿಟ್ಟೇ ಬಂತು. ಬೆಳಿಗ್ಗೆಯಿಂದ ಡ್ರೈವ್ ಮಾಡಿ ಸುಸ್ತಾಗಿತ್ತು. ಬಾಗಿಲು ತೆಗೆದ್ರೆ ಮನೆ ತುಂಬ ಜನ. ಬುಕಿಂಗ್ ತೋರಿಸೋಕೆ ಅಂತ ಫೋನ್ ತೆಗ್ದೆ. ಅಷ್ಟರಲ್ಲಿ ಸಂಯುಕ್ತಾ ಕೋಟ್ ಬಿಚ್ಚಿ ಸಿಂಕ್ ಹತ್ರ ಹೋಗಿ ಲೋಟ ತೊಳೀತಾ ಇದ್ಲು." ಏನಾಗಿದೆ ಎಂದು ಜಲಜಾ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ಮಹೇಶ ಫೋನನ್ನು ಜೇಬಿಗೆ ಹಾಕಿಕೊಂಡು, ತನ್ನಿಂದೇನಾಗಬೇಕು ಎಂದು ಕೇಳಿದರು. ಡೆಕ್ಲನ್‌ನ ತಾಯಿ ಒಳನಾಡಿನ ಪಟ್ಟಣದಲ್ಲಿದ್ದರು, ಅವರನ್ನು ಕರೆತರಲು ಕಾರು ಬೇಕಿತ್ತು. ಮಹೇಶ ಹೋಗಿ ಕರೆತಂದರು. ಆ ಕುಟುಂಬ ಆಮೇಲೆ ಪಕ್ಕದ ಊರಿನ ಹೋಟೆಲಿನಲ್ಲಿ ತಂಗಿತು. ಆದರೆ ಮರುದಿನ ಬೆಳಿಗ್ಗೆ ಬ್ರೆಡ್ಡು, ಹಾಲು ಹೊತ್ತು ಮತ್ತೆ ಬಂತು.

ಅದೇ ದಿನ ಮಧ್ಯಾಹ್ನ ಹೆಲಿಕಾಪ್ಟರಿನವರಿಗೆ ರಬ್ಬರ್ ತೆಪ್ಪವೊಂದು ಕಂಡಿತು. ಅದರಲ್ಲಿ ಡೆಕ್ಲನ್ ಇದ್ದ, ಜೀವ ಇತ್ತು. ಮಾರ್ಟಿನ್ ಇರಲಿಲ್ಲ. ಸುದ್ದಿ ತಂದವನು ಬಾಗಿಲಲ್ಲೇ ನಿಂತು ಎರಡನ್ನೂ ಹೇಳಿದ. ಬ್ರೀಡಾ ಅಳಲೂ ಆಗದೆ, ನಗಲೂ ಆಗದೆ ಮಾರ್ಟಿನ್ನರ ಮಗಳ ಕೈ ಹಿಡಿದುಕೊಂಡಳು. ಜಲಜಾ ಅಡುಗೆಮನೆಗೆ ಹೋಗಿ ಒಲೆ ಆರಿಸಿದರು. ಶವ ಸಿಕ್ಕಿದ ಮೇಲೆ ನಡೆದ ಅಂತ್ಯಕ್ರಿಯೆಗೆ ಮಾರ್ಟಿನ್ನರ ಮನೆಯವರೇ ಬಂದು ಅವರನ್ನು ಕರೆದರು. ಮನೆಯ ಹೆಂಗಸರ ಸಾಲಿನಲ್ಲಿ ಕುರ್ಚಿ ಹಾಕಿದರು. ಆ ಮನೆಯವರ ದುಃಖದ ಮೇಲಿನ ಗೌರವಕ್ಕಾಗಿಯೇ ಊರಿನ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಕೆಲಸ ಹೋಗಲಿಲ್ಲ. ನೀರಜಾ ಮುಂದಿನ ವಾರವೇ ಹೊರಟು ಬಂದರು. ಆ ಕಿಟಕಿಯ ಹತ್ತಿರ ಕುಳಿತು ನಡೆದದ್ದನ್ನೆಲ್ಲ ಕೇಳಿದರು. ಜಲಜಾ ಆಗಲೇ ಇನ್ನೊಂದು ಮಾತನ್ನೂ ಅವರ ಮುಂದಿಟ್ಟರು. ಡೆಕ್ಲನ್ ಮತ್ತು ಬ್ರೀಡಾ ಇದ್ದದ್ದು ಸಂಬಂಧಿಕರ ಹಿತ್ತಲಿನ ಕ್ಯಾರವಾನ್ ಎಂಬ ಗಾಲಿಮನೆಯಲ್ಲಿ. ಬಾಡಿಗೆ ಕೊಡಲು ಸಿದ್ಧರಿದ್ದರೂ ಹುಟ್ಟಿದೂರಿನಲ್ಲಿ ಮನೆ ಸಿಕ್ಕಿರಲಿಲ್ಲ. ಈ ಫ್ಲ್ಯಾಟನ್ನು ರಜೆಯವರಿಗೆ ಕೊಡುವುದು ಬಿಟ್ಟು ಅವರಿಗೇ ಕೊಡಬಹುದಲ್ಲ ಎಂದು ಕೇಳಿದರು.

ಹಾರ್ಬೋರ್ನ್‌ನ ಮನೆಯಲ್ಲಿ ಇದರ ಚರ್ಚೆ ಬೇಸಿಗೆಯಿಡೀ ನಡೆಯಿತು. ಐರ್ಲೆಂಡಿನ ಕಾನೂನಿನಲ್ಲಿ ಒಮ್ಮೆ ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳುವುದು ಸುಲಭವಲ್ಲ, ತಾವು ರಜೆಗೆ ಎಲ್ಲಿಗೆ ಹೋಗುವುದು ಎಂಬುದು ಗೋಪಾಲ ಅವರ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವರನ್ನು ಕೇಳಿದಾಗ ಹೇಳಿದರು: "ಆಗಸ್ಟಲ್ಲಿ ನಾವು ಹೋಗಿದ್ವಿ. ಡೆಕ್ಲನ್ ಮಗು ಎತ್ಕೊಂಡು ಬಂದು ಥ್ಯಾಂಕ್ಸ್ ಹೇಳ್ದ. ನಾನೇನು ಮಾಡಿದ್ದೆ, ಖಾಲಿ ಮಾಡ್ಸಿ ಅಂದಿದ್ದೆ. ಅದನ್ನ ಜಲಜಾ ಆ ಊರಲ್ಲಿ ಯಾರಿಗೂ ಹೇಳಿರಲಿಲ್ಲ."

ಸೆಪ್ಟೆಂಬರಿನಲ್ಲಿ, ಫ್ಲ್ಯಾಟನ್ನು ಡೆಕ್ಲನ್ ದಂಪತಿಗೆ ಬಾಡಿಗೆಗೆ ಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ಅಂದರೆ ಜಲಜಾ ತಮ್ಮ ಕೆಲಸವನ್ನು ತಾವೇ ಇಲ್ಲವಾಗಿಸಿಕೊಂಡರು. ನಿನಗೆ ಮುಂದೇನು ಎಂದು ದಿವಾಕರ ಮೊದಲ ದಿನವೇ ಕೇಳಿದ್ದರಂತೆ. ಭುಜ ಪೂರ್ತಿ ಸರಿಯಿಲ್ಲ, ವಯಸ್ಸು ಐವತ್ತಾರು. ಪರದೆ ಹೊಲಿಯುವ ಕೆಲಸ ಕೊಡಿಸುತ್ತೇನೆ ಎಂದು ನೀರಜಾ ಹೇಳಿದ್ದಾರೆ. "ನೋಡುವ. ಏನಾದರೂ ಆಗ್ತದೆ," ಎನ್ನುತ್ತಾರೆ ಜಲಜಾ. ಅಷ್ಟು ಹೇಳಿ ಅವರು ಕಿಟಕಿಯ ಹೊರಗೆ ನೋಡುವ ರೀತಿಯಲ್ಲಿ ಆತಂಕ ಇಲ್ಲವೆನ್ನಲಾಗದು.

ಬೆಳಗಿನ ರೈಲು ಹಿಡಿದು, ಹಡಗು ದಾಟಿ, ಬಸ್ಸಿನಲ್ಲಿ ಕುಳಿತು ಪರದೆಯೊಂದಿಗೆ ಜಲಜಾ ಮತ್ತು ನಾನು ಆ ಊರು ತಲುಪುವಾಗ ಸಂಜೆ ಇಳಿಯುತ್ತಿದೆ. ಅಂಗಡಿಯ ಮುಂದೆ ಇಬ್ಬರು ಅವರ ಹೆಸರು ಹಿಡಿದು ಕರೆದು ಮಾತಾಡಿಸುತ್ತಾರೆ. ಫ್ಲ್ಯಾಟಿನಲ್ಲಿ ಜಲಜಾ ಕುರ್ಚಿ ಹತ್ತಿ ನೀಲಿ ಪರದೆ ತೂಗುಹಾಕುತ್ತಾರೆ. ಗೋಡೆಯ ಮೇಲಿದ್ದ, ಅತಿಥಿಗಳು ಪಾಲಿಸಬೇಕಾದ ಸೂಚನೆಗಳ ಫಲಕವನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಡೆಕ್ಲನ್ ತೊಟ್ಟಿಲನ್ನು ಮೆಟ್ಟಿಲ ಮೇಲೆ ಹೊತ್ತು ತರುತ್ತಾನೆ. ಬ್ರೀಡಾ ಮಗುವನ್ನು ಜಲಜಾ ಅವರ ಎಡತೋಳಿನ ಮೇಲಿಟ್ಟು, ಇನ್ನು ನೀವೇನೂ ಮುಟ್ಟಬೇಡಿ, ಕೂತುಕೊಳ್ಳಿ ಎನ್ನುತ್ತಾಳೆ. ಜಲಜಾ ಕೂರುತ್ತಾರೆ. ಆ ಸೋಫಾದ ಮೇಲೆ ತಾನು ಕೂತದ್ದೇ ಕಡಿಮೆ ಎಂದು ಆಮೇಲೆ ನನ್ನೊಂದಿಗೆ ಹೇಳುತ್ತಾರೆ.

ಮರುದಿನ ಬಸ್ಸಿಗಾಗಿ ಕಾಯುವಾಗ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಬರಲಿಕ್ಕೆ ಹೇಳಿದ್ದಾರೆ. ಬರಬೇಕು. ಇಷ್ಟು ವರ್ಷ ನಾನೇ ಬೀಗ ತೆಗೆದು ಒಳಗೆ ಹೋಗಿದ್ದು. ಒಂದು ಸಲ ಬಾಗಿಲು ತಟ್ಟಿ, ಹೊರಗೆ ನಿಂತು ಕಾಯಬೇಕು. ಒಳಗಿನಿಂದ ಯಾರಾದರೂ ಬಂದು ತೆಗೆಯಬೇಕು."